ಓಕ್ ಮರ ಒಂದ್ ವರ್ಷ ಕಾಯಿ ಬಿಡ್ಲಿಲ್ಲ ಅಂದ್ರೆ ರೋಗ ಅಲ್ಲ

ಸಂಪಾದಕರಿಗೆ ನಮಸ್ಕಾರ,

ಓಕ್ ಮರದಲ್ಲಿ ಒಂದ್ ವರ್ಷ ಕಾಯಿ ಕಾಣ್ಲಿಲ್ಲ ಅಂದ ತಕ್ಷಣ ಮರಕ್ಕೆ ರೋಗ ಬಂತು, ಹವಾಮಾನ ಕೆಟ್ಟು ಬಂಜೆ ಆಗೋಯ್ತು ಅಂತ ಬರೆದುಬಿಡ್ತಾರೆ. ದಯವಿಟ್ಟು ಅಂಥ ಬರಹ ಹಾಕೋ ಮುಂಚೆ ಆ ಮರ ಯಾವ ಗುಂಪಿಂದು, ಬಿಳಿ ಓಕಾ ಕೆಂಪು ಓಕಾ ಅಂತ ಒಂದ್ಸಲ ಕೇಳಿ.

ವಸಂತದಲ್ಲಿ ಎಲೆ ಚಿಗುರೋ ಹೊತ್ತಿಗೇ ಹೂ ಬರುತ್ತೆ, ಒಂದೇ ಮರದಲ್ಲಿ ಗಂಡು ಹೂ ಹೆಣ್ಣು ಹೂ ಎರಡೂ ಇರ್ತವೆ. ಜೋತಾಡೋ ಗಂಡು ಹೂವಿನ ಎಳೆಗಳು ಎಲ್ಲರ ಕಣ್ಣಿಗೂ ಬೀಳುತ್ತೆ, ಹೆಣ್ಣು ಹೂ ಮಾತ್ರ ಎಷ್ಟು ಚಿಕ್ಕದು ಅಂದ್ರೆ ಹೊಸ ಚಿಗುರಿನ ಎಲೆ ಬುಡದಲ್ಲಿ ಹುಡುಕಿ ನೋಡ್ಬೇಕು. ಪರಾಗ ಹೊತ್ಕೊಂಡು ಹೋಗೋದು ಗಾಳಿ. ಆ ಕೆಲವು ದಿನ ಮಳೆ ಹಿಡ್ಕೊಂಡ್ರೆ, ಇಲ್ಲಾ ಕೊರೆಯೋ ಚಳಿ ವಾಪಸ್ ಬಂದು ಹೂ ಕರಕಲಾದ್ರೆ, ಬೆಳೆ ಅಲ್ಲೇ ಹೋಯ್ತು.

ಆದ್ರೆ ಆ ಪೆಟ್ಟು ಯಾವಾಗ ಗೊತ್ತಾಗುತ್ತೆ ಅನ್ನೋದೇ ಮುಖ್ಯ. ಬಿಳಿ ಓಕ್ ಗುಂಪಲ್ಲಿ ವಸಂತದ ಹೂ ಅದೇ ವರ್ಷ ಶರತ್ಕಾಲಕ್ಕೆ ಕಾಯಾಗಿ ಉದುರುತ್ತೆ. ಕೆಂಪು ಓಕ್ ಗುಂಪಿನ ಹೆಚ್ಚಿನ ಮರಗಳಲ್ಲಿ ಪರಾಗದ ನಾಳ (ಪರಾಗದ ಕಣದಿಂದ ಹೊರಟು ಬೀಜಾಂಡದ ಕಡೆ ಬೆಳೆಯೋ ಎಳೆ) ಹೂವಿನೊಳಗೆ ಅರ್ಧ ದಾರೀಲಿ ನಿಂತು ಇಡೀ ಚಳಿಗಾಲ ಕಳೆಯುತ್ತೆ, ಗರ್ಭ ಕಟ್ಟೋದೇ ಮುಂದಿನ ವರ್ಷ, ಕಾಯಿ ಬಲಿಯೋಕೆ ಒಟ್ಟು ಸುಮಾರು 18 ತಿಂಗಳು! ಅಂದ್ರೆ ಈ ಸಲ ಕೆಂಪು ಓಕಲ್ಲಿ ಕಾಯಿ ಇಲ್ಲ ಅಂದ್ರೆ ಈ ವರ್ಷದ ಹವಾಮಾನ ಮಾತ್ರ ಬೈದು ಪ್ರಯೋಜನ ಇಲ್ಲ, ಹೋದ ವರ್ಷದ ವಸಂತ ಹೆಂಗಿತ್ತು ಅಂತಾನೂ ನೋಡ್ಬೇಕು. ಅದೇ ಕಾಡಲ್ಲಿ ಪಕ್ಕದ ಬಿಳಿ ಓಕ್ ತುಂಬಿ ತುಳುಕ್ತಾ ಇರಬಹುದು.

ಹವಾಮಾನ ಚೆನ್ನಾಗಿದ್ರೂ ಪ್ರತಿ ವರ್ಷ ಭರ್ತಿ ಬೆಳೆ ಬರಲ್ಲ. 2ರಿಂದ 5 ವರ್ಷಕ್ಕೊಮ್ಮೆ ಸುತ್ತಲಿನ ಮರಗಳೆಲ್ಲ ಒಟ್ಟಿಗೇ ಸುರಿಸ್ತವೆ, ಅದನ್ನ ಮಾಸ್ಟ್ ಇಯರ್ ಅಂತಾರೆ. ಅಳಿಲು, ಜಿಂಕೆ, ಜೇ ಹಕ್ಕಿ, ಕಾಯಿ ಕೊರೆಯೋ ಹುಳ ಎಲ್ಲಾ ತಿಂದ್ರೂ ಮುಗಿಯದಷ್ಟು ಬಿದ್ದಾಗಲೇ ಒಂದಿಷ್ಟು ಉಳಿದು ಸಸಿ ಆಗೋದು. ನಡುವಿನ ಕಾಯಿ ಕಮ್ಮಿ ಇರೋ ವರ್ಷಗಳಲ್ಲಿ ತಿನ್ನೋರ ಸಂಖ್ಯೆನೂ ಇಳಿಯುತ್ತೆ, ಹಾಗಾಗಿ ಕಾಯಿ ಇಲ್ಲದ ವರ್ಷವೂ ಮರಕ್ಕೆ ಲಾಭವೇ. ಅಳಿಲಿನ ಬುದ್ಧಿ ನೋಡಿ, ಬಿಳಿ ಓಕ್ ಬೀಜ ಬಿದ್ದ ಶರತ್ಕಾಲದಲ್ಲೇ ಮೊಳೆತುಬಿಡುತ್ತೆ ಅಂತ ಎಷ್ಟೋ ಸಲ ಅದರ ಮೊಳಕೆ ತುದಿ ಕಚ್ಚಿ ತೆಗೆದು ಆಮೇಲೆ ಹೂತಿಡುತ್ತೆ, ಕೆಂಪು ಓಕಿಂದು ಚಳಿಗಾಲ ಕಳೆದ್ಮೇಲೆ ಮೊಳೆಯೋದ್ರಿಂದ ಹಂಗೇ ಹೂಳುತ್ತೆ.

ಬೀಜ ಆರಿಸಿ ಸಸಿ ಮಾಡೋ ಉತ್ಸಾಹ ಇರೋರಿಗೂ ನಿಮ್ಮ ಪತ್ರಿಕೆ ಒಂದು ಮಾತು ಹೇಳ್ಲಿ: ಓಕ್ ಬೀಜ ಬಿಸಿಲಲ್ಲಿ ಒಣಗಿಸಿದ್ರೆ ಸತ್ತೇ ಹೋಗುತ್ತೆ. ಬಿಳಿ ಓಕಿಂದು ಬಿದ್ದ ಕೂಡಲೇ ಮಣ್ಣಿಗೆ ಹಾಕ್ಬೇಕು, ಕೆಂಪು ಓಕಿಂದು ವಸಂತದ ತನಕ ಒದ್ದೆ ಮರಳಲ್ಲಿ ತಣ್ಣಗೆ ಇಡ್ಬೇಕು.

ಇಂತಿ,
ಓಕ್ ಮರಗಳನ್ನ ಪ್ರೀತಿಸೋ ಒಬ್ಬ ಓದುಗ