ನೀರಿನಲ್ಲಿ ಅಮೋನಿಯಾ ಎಷ್ಟಿದೆ ಎಂದು ಯಾರೂ ಕೇಳಲಿಲ್ಲ

ಗೆ,
ಮುಖ್ಯಸ್ಥರು,
ಗ್ರಾಹಕ ಸೇವಾ ವಿಭಾಗ

ವಿಷಯ: ಅಕ್ವೇರಿಯಂ ಕಿಟ್‌ನ ತಪ್ಪು ಸೂಚನೆ ಮತ್ತು ಸಹಾಯವಾಣಿಯ ತಪ್ಪು ಸಲಹೆಯಿಂದ ಏಳು ಮೀನುಗಳು ಸತ್ತಿರುವ ಬಗ್ಗೆ ದೂರು

ಮಾನ್ಯರೇ,

ನಿಮ್ಮ ಕಂಪನಿಯ 54 ಲೀಟರಿನ ಅಕ್ವೇರಿಯಂ ಕಿಟ್ ನಮ್ಮ ಮನೆಗೆ ಬಂದು ಏಳು ವಾರಗಳಾದವು. ಅದರ ಜೊತೆಗೇ ಎಂಟು ನಿಯಾನ್ ಟೆಟ್ರಾ, ನಾಲ್ಕು ಕೋರಿಡೋರಸ್ ಮೀನುಗಳು ಮತ್ತು ಒಂದು ಬಸವನಹುಳು ಕಳಿಸಿದ್ದಿರಿ. ಅವುಗಳಲ್ಲಿ ಇವತ್ತು ಉಳಿದಿರುವುದು ಮೂರು ಟೆಟ್ರಾ, ಎರಡು ಕೋರಿಡೋರಸ್. ಉಳಿದವೆಲ್ಲ ಮೊದಲ ಒಂಬತ್ತು ದಿನಗಳಲ್ಲೇ ಸತ್ತವು. ಅಷ್ಟರಲ್ಲಿ ನಾನು ನಿಮ್ಮ ಸಹಾಯವಾಣಿಗೆ ಎರಡು ಸಲ ಫೋನ್ ಮಾಡಿದ್ದೆ, ಹೇಳಿದ್ದನ್ನೆಲ್ಲ ಚಾಚೂ ತಪ್ಪದೆ ಮಾಡಿದ್ದೆ. ಮೀನು ಸತ್ತದ್ದಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡುತ್ತಿರುವುದು ಅದೇ. ನಾನು ಏನೂ ಮಾಡದೆ, ದಿನಾ ಸ್ವಲ್ಪ ನೀರು ಬದಲಿಸಿಕೊಂಡು ಸುಮ್ಮನಿದ್ದಿದ್ದರೂ ಅವುಗಳಲ್ಲಿ ಹೆಚ್ಚಿನವು ಬದುಕುತ್ತಿದ್ದವು.

ನಡೆದದ್ದನ್ನು ಮೊದಲಿನಿಂದ ಹೇಳುತ್ತೇನೆ. ಕಿಟ್‌ನ ಒಳಗಿದ್ದ ಕೈಪಿಡಿಯ ಎರಡನೇ ಪುಟದಲ್ಲಿ ‘ನೀರು ತುಂಬಿಸಿ, ಕಂಡೀಷನರ್ (ನಲ್ಲಿ ನೀರಿನ ಕ್ಲೋರಿನ್ ತೆಗೆಯುವ ದ್ರವ) ಹಾಕಿ, ಬ್ಯಾಕ್ಟೀರಿಯಾ ಬಾಟಲಿ ಸುರಿಯಿರಿ, 24 ಗಂಟೆ ಬಿಟ್ಟು ಮೀನು ಬಿಡಿ’ ಎಂದಿದೆ. ಅದರ ಕೆಳಗೆ ‘ದಿನಕ್ಕೆ ಮೂರು ಸಲ ಆಹಾರ ಕೊಡಿ’ ಎಂದಿದೆ. ನಾನು ಹಾಗೆಯೇ ಮಾಡಿದೆ. ಮೊದಲ ನಾಲ್ಕು ದಿನ ಎಲ್ಲವೂ ಚೆನ್ನಾಗಿತ್ತು. ನನ್ನ ಮಗಳು ಶಾಲೆಗೆ ಹೊರಡುವ ಮೊದಲು ತೊಟ್ಟಿಯ ಮುಂದೆ ನಿಂತು ಮೀನುಗಳನ್ನು ಎಣಿಸುವುದು ವಾಡಿಕೆಯಾಗಿತ್ತು. ಆರನೇ ದಿನ ಬೆಳಿಗ್ಗೆ ಅವಳು ಎಣಿಸುತ್ತಾ ನಿಂತವಳು, ಎಲ್ಲ ಮೀನುಗಳೂ ಮೇಲೆ ಬಂದು ಬಾಯಿ ತೆರೆಯುತ್ತಿವೆ ಎಂದು ನನ್ನನ್ನು ಕರೆದಳು. ಟೆಟ್ರಾಗಳ ನೀಲಿ ಗೆರೆ ಮಂಕಾಗಿತ್ತು. ಕಿವಿರುಗಳು ಕೆಂಪಗೆ, ಉರಿದಂತೆ ಕಾಣುತ್ತಿದ್ದವು. ತಳದಲ್ಲೇ ಓಡಾಡಿಕೊಂಡಿರಬೇಕಾದ ಕೋರಿಡೋರಸ್‌ಗಳು ಪದೇ ಪದೇ ಮೇಲಕ್ಕೆ ನುಗ್ಗಿ ಗಾಳಿ ನುಂಗಿ ಬೀಳುತ್ತಿದ್ದವು. ಮೈಮೇಲೆ ಬಿಳಿ ಚುಕ್ಕೆಯಾಗಲಿ, ಹತ್ತಿಯಂಥ ಬೂಷ್ಟಾಗಲಿ ಇರಲಿಲ್ಲ. ರೆಕ್ಕೆ ಹರಿದಿರಲಿಲ್ಲ, ಹುರುಪೆ ಎದ್ದಿರಲಿಲ್ಲ.

ತಕ್ಷಣ ನಿಮಗೆ ಫೋನ್ ಮಾಡಿದೆ. ಕಿಟ್‌ನಲ್ಲಿದ್ದ ಪರೀಕ್ಷಾ ಪಟ್ಟಿಯನ್ನು ನೀರಿಗೆ ಅದ್ದಿ ನೋಡಲು ನಿಮ್ಮ ಸಿಬ್ಬಂದಿ ಹೇಳಿದರು. ಪಿಎಚ್ (ನೀರಿನ ಆಮ್ಲ-ಕ್ಷಾರ ಗುಣದ ಅಳತೆ) 8, ಕ್ಲೋರಿನ್ ಇಲ್ಲ, ನೈಟ್ರೈಟ್ ಸೊನ್ನೆ, ನೈಟ್ರೇಟ್ ಸೊನ್ನೆ ಎಂದು ಓದಿ ಹೇಳಿದೆ. “ನೀರು ಫಸ್ಟ್ ಕ್ಲಾಸ್ ಇದೆ ಮೇಡಂ, ಇದು ಒಳಗಿನ ಇನ್ಫೆಕ್ಷನ್. ನಮ್ಮ ಔಷಧಿ ಹಾಕಿ” ಎಂದರು. ಔಷಧಿ ಅದೇ ದಿನ ಸಂಜೆ ಮನೆಗೆ ಬಂತು.

ನನ್ನ ದೂರಿನ ಮುಖ್ಯ ಅಂಶ ಇರುವುದು ಇಲ್ಲಿಯೇ, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ನಿಮ್ಮ ಪರೀಕ್ಷಾ ಪಟ್ಟಿಯಲ್ಲಿ ಅಮೋನಿಯಾವನ್ನು ತೋರಿಸುವ ಬಣ್ಣದ ಚೌಕವೇ ಇಲ್ಲ. ಹೊಸ ತೊಟ್ಟಿಯಲ್ಲಿ ಮೊಟ್ಟಮೊದಲು ಏರುವುದು ಅಮೋನಿಯಾ. ಮೀನು ಅದನ್ನು ಕಿವಿರುಗಳ ಮೂಲಕವೇ ಹೊರಹಾಕುತ್ತದೆ. ತಿನ್ನದೆ ಉಳಿದ ಆಹಾರ ಕೊಳೆತಾಗ ಅದರಿಂದಲೂ ಬರುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡಬೇಕು, ಇನ್ನೊಂದು ಬಗೆ ಆ ನೈಟ್ರೈಟನ್ನು ನೈಟ್ರೇಟ್ ಮಾಡಬೇಕು. ಈ ಬ್ಯಾಕ್ಟೀರಿಯಾಗಳು ಫಿಲ್ಟರ್ ಸ್ಪಂಜಿನಲ್ಲಿ ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಅಂದಮೇಲೆ ಹನ್ನೆರಡು ಮೀನುಗಳಿರುವ ಆರು ದಿನದ ತೊಟ್ಟಿಯಲ್ಲಿ ನೈಟ್ರೈಟ್ ಸೊನ್ನೆ, ನೈಟ್ರೇಟೂ ಸೊನ್ನೆ ಎಂದರೆ ಅರ್ಥವೇನು? ಮೀನುಗಳು ಬಿಟ್ಟ ಅಮೋನಿಯಾ ಎಲ್ಲಿಯೂ ಹೋಗಿಲ್ಲ, ಅಷ್ಟೂ ನೀರಿನಲ್ಲೇ ಕೂತಿದೆ. ನಿಮ್ಮ ಸಿಬ್ಬಂದಿ ‘ಫಸ್ಟ್ ಕ್ಲಾಸ್’ ಎಂದ ಅಂಕಿಗಳೇ ಅಪಾಯವನ್ನು ಹೇಳುತ್ತಿದ್ದವು. ಮೀನು ಮಾರುವ ಕಂಪನಿಯ ಸಹಾಯವಾಣಿಯಲ್ಲಿ ಕೂತವರಿಗೆ ಇಷ್ಟು ಗೊತ್ತಿರಲೇಬೇಕು. ಗೊತ್ತಿಲ್ಲದಿದ್ದರೆ ಅದು ಅವರ ತಪ್ಪಲ್ಲ, ಅವರಿಗೆ ಕಲಿಸದ ನಿಮ್ಮ ತಪ್ಪು.

ಪಿಎಚ್ 8 ಎಂದು ನಾನು ಹೇಳಿದ್ದಕ್ಕೂ ಅವರು ಗಮನ ಕೊಡಲಿಲ್ಲ. ನೀರಿನಲ್ಲಿರುವ ಅಮೋನಿಯಾದಲ್ಲಿ ಒಂದು ಭಾಗ ಮಾತ್ರ ಮೀನಿಗೆ ನೇರ ವಿಷ. ಉಳಿದದ್ದು ಅಮೋನಿಯಂ ರೂಪದಲ್ಲಿರುತ್ತದೆ, ಅದರ ತೊಂದರೆ ತೀರಾ ಕಡಿಮೆ. 25 ಡಿಗ್ರಿ ಬಿಸಿಯ ನೀರಿನ ಪಿಎಚ್ 7 ಇದ್ದರೆ ಆ ವಿಷದ ಪಾಲು ಶೇಕಡಾ 0.6ರಷ್ಟು. ಪಿಎಚ್ 8 ಆದರೆ ಅದು ಶೇಕಡಾ 5 ದಾಟುತ್ತದೆ, ಅಂದರೆ ಸುಮಾರು ಒಂಬತ್ತು ಪಟ್ಟು. ನೀರು ಬಿಸಿಯಾದಷ್ಟೂ ಇನ್ನೂ ಏರುತ್ತದೆ.

ಇನ್ನು ಆ ಔಷಧಿಯ ವಿಷಯ. ಬಾಟಲಿಯ ಮೇಲೆ ‘ಎಲ್ಲ ಬಗೆಯ ಮೀನು ರೋಗಗಳಿಗೆ’ ಎಂದು ಬರೆದಿದೆ, ಒಳಗೆ ಏನಿದೆ ಎಂದು ಬರೆದಿಲ್ಲ. ಬಿಳಿ ಚುಕ್ಕೆ ರೋಗ ತರುವುದು ಒಂದು ಪರಾವಲಂಬಿ ಜೀವಿ, ರೆಕ್ಕೆ ಕೊಳೆಯುವುದು ಬ್ಯಾಕ್ಟೀರಿಯಾದಿಂದ, ಬೂಷ್ಟು ಬರುವುದು ಶಿಲೀಂಧ್ರದಿಂದ. ಇವೆಲ್ಲಕ್ಕೂ ಒಂದೇ ಔಷಧಿ ಆಗುವುದಾದರೂ ಹೇಗೆ? ಅದನ್ನು ಹಾಕುವಾಗ ಫಿಲ್ಟರ್‌ನಲ್ಲಿರುವ ಇದ್ದಿಲ ಚೀಲವನ್ನು ತೆಗೆಯಬೇಕು, ಇಲ್ಲವಾದರೆ ಇದ್ದಿಲು ಔಷಧಿಯನ್ನು ಹೀರಿಬಿಡುತ್ತದೆ ಎಂದು ಯಾರೂ ಹೇಳಲಿಲ್ಲ. ಅಳತೆಯೂ ಸರಿಯಿರಲಿಲ್ಲ. 60 ಸೆಂಟಿಮೀಟರ್ ಉದ್ದ, 30 ಅಗಲ, 30 ಎತ್ತರ ಗುಣಿಸಿದರೆ 54 ಲೀಟರ್ ಬರುತ್ತದೆ, ನಿಜ. ಆದರೆ ತಳದಲ್ಲಿ ಜಲ್ಲಿ ಹಾಸಿ, ಮೇಲೆ ಒಂದಿಷ್ಟು ಜಾಗ ಬಿಟ್ಟ ಮೇಲೆ ಅದರಲ್ಲಿ ಹಿಡಿದದ್ದು 43 ಲೀಟರ್. ಬಕೆಟ್ ಎಣಿಸಿಯೇ ತುಂಬಿಸಿದ್ದರಿಂದ ನನಗೆ ಗೊತ್ತು. ನಿಮ್ಮ ಸಿಬ್ಬಂದಿ 54 ಲೀಟರಿನ ಲೆಕ್ಕದಲ್ಲಿ ಹನಿ ಹೇಳಿದರು. ಅಂದರೆ ಮೊದಲ ದಿನದಿಂದಲೇ ಕಾಲು ಭಾಗ ಹೆಚ್ಚು ಬಿತ್ತು.

ಏಳನೇ ದಿನ ಎರಡು ಟೆಟ್ರಾ ಸತ್ತವು. ಎಂಟನೇ ದಿನ ಮತ್ತೆ ಫೋನ್ ಮಾಡಿದಾಗ ಬೇರೆಯವರು ಮಾತನಾಡಿದರು. ಫಿಲ್ಟರ್ ಕೊಳೆಯಾಗಿರಬೇಕು, ಸ್ಪಂಜನ್ನು ನಲ್ಲಿ ನೀರಿನಲ್ಲಿ ಚೆನ್ನಾಗಿ ಉಜ್ಜಿ ತೊಳೆಯಿರಿ, ಬಿಳಿ ಚುಕ್ಕೆ ರೋಗ ಬಾರದಂತೆ ಹೀಟರನ್ನು 32 ಡಿಗ್ರಿಗೆ ಇಡಿ ಎಂದರು. ನಾನು ಎರಡನ್ನೂ ಮಾಡಿದೆ. ಎಂಟು ದಿನಗಳಲ್ಲಿ ಆ ಸ್ಪಂಜಿನಲ್ಲಿ ಬದುಕಲು ಹೆಣಗುತ್ತಿದ್ದ ಅಷ್ಟಿಷ್ಟು ಬ್ಯಾಕ್ಟೀರಿಯಾವನ್ನು ಕ್ಲೋರಿನ್ ಇರುವ ನೀರಿನಲ್ಲಿ ನನ್ನ ಕೈಯಾರೆ ತೊಳೆದು ಹಾಕಿದೆ. ಸ್ಪಂಜನ್ನು ತೊಟ್ಟಿಯಿಂದಲೇ ತೆಗೆದ ನೀರಿನಲ್ಲಿ ಮೆಲ್ಲಗೆ ಹಿಂಡಬೇಕು ಎಂಬುದು ನನಗೆ ಆಮೇಲೆ ತಿಳಿಯಿತು. ಬಿಸಿ ಏರಿಸಿದ್ದು ಇನ್ನೂ ದೊಡ್ಡ ಪೆಟ್ಟು. 25 ಡಿಗ್ರಿ ನೀರು ಲೀಟರಿಗೆ ಸುಮಾರು 8.3 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳಬಲ್ಲದು. 32 ಡಿಗ್ರಿಯಲ್ಲಿ ಅದು ಸುಮಾರು 7.3ಕ್ಕೆ ಇಳಿಯುತ್ತದೆ. ಉಸಿರಿಗೆ ಒದ್ದಾಡುತ್ತಿದ್ದ ಮೀನುಗಳಿಗೆ ಗಾಳಿಯನ್ನು ಕಡಿಮೆ ಮಾಡಿ, ವಿಷವನ್ನು ಹೆಚ್ಚು ಮಾಡಿದೆ. ಆ ರಾತ್ರಿ ಮೂರು ಟೆಟ್ರಾ, ಒಂದು ಕೋರಿಡೋರಸ್ ಹೋದವು. ಬೆಳಿಗ್ಗೆ ಇನ್ನೊಂದು ಕೋರಿಡೋರಸ್ ಜಲ್ಲಿಯ ಮೇಲೆ ಪಕ್ಕಕ್ಕೆ ಒರಗಿ ಸತ್ತಿತ್ತು. ಬಸವನಹುಳು ಚಿಪ್ಪಿನಿಂದ ಅರ್ಧ ಹೊರಬಂದು ಅಲುಗಾಡದೆ ಬಿದ್ದಿತ್ತು. ತಾಮ್ರ ಇರುವ ಔಷಧಿ ಬಸವನಹುಳುಗಳನ್ನೂ ಸೀಗಡಿಗಳನ್ನೂ ಕೊಲ್ಲುತ್ತದೆ. ನಿಮ್ಮ ಬಾಟಲಿಯಲ್ಲಿ ತಾಮ್ರ ಇದೆಯೇ ಎಂಬ ಪ್ರಶ್ನೆಗೆ ನನಗೆ ಬರವಣಿಗೆಯಲ್ಲಿ ಉತ್ತರ ಬೇಕು.

ಒಂಬತ್ತನೇ ದಿನ, ಬಹಳ ವರ್ಷಗಳಿಂದ ಮೀನು ಸಾಕುತ್ತಿರುವ ನನ್ನ ಗೆಳತಿ ಮನೆಗೆ ಬಂದಳು. ತೊಟ್ಟಿಯನ್ನು ನೋಡಿ ಅವಳು ಕೇಳಿದ ಮೊದಲ ಮಾತು, “ಅಮೋನಿಯಾ ಎಷ್ಟಿದೆ?” ಎಂದು. ಅವಳು ತಂದಿದ್ದ ಹನಿ ಹಾಕಿ ಬಣ್ಣ ನೋಡುವ ಪರೀಕ್ಷೆಯಲ್ಲಿ ಲೀಟರಿಗೆ 2 ಮಿಲಿಗ್ರಾಂ ತೋರಿಸಿತು. ಇರಬೇಕಾದದ್ದು ಸೊನ್ನೆ. ಅವಳು ಯಾವ ಔಷಧಿಯನ್ನೂ ಹಾಕಲಿಲ್ಲ. ಹೀಟರನ್ನು 25ಕ್ಕೆ ಹೊಂದಿಸಿದಳು. ಅದೇ ಬಿಸಿಗೆ ತಂದ, ಕಂಡೀಷನರ್ ಹಾಕಿದ ನೀರಿನಿಂದ ಅರ್ಧ ತೊಟ್ಟಿಯನ್ನು ನಿಧಾನವಾಗಿ ಬದಲಿಸಿದಳು. ಏರ್ ಪಂಪ್ ಜೋಡಿಸಿದಳು. ತನ್ನ ಹಳೆಯ ತೊಟ್ಟಿಯ ಫಿಲ್ಟರ್‌ನಿಂದ ಒಂದು ಕಂದು ಬಣ್ಣದ ಸ್ಪಂಜಿನ ತುಂಡನ್ನು ತಂದು ನನ್ನ ಫಿಲ್ಟರ್‌ಗೆ ಸೇರಿಸಿದಳು. ಎರಡು ದಿನ ಆಹಾರವೇ ಬೇಡ ಎಂದಳು. ಆ ಸಂಜೆಯ ಹೊತ್ತಿಗೆ ಉಳಿದ ಐದೂ ಮೀನುಗಳು ಮೇಲಿನಿಂದ ಕೆಳಗೆ ಇಳಿದವು. ಮಗಳು ಐದೆಂದು ಎಣಿಸಿ ಏನೂ ಮಾತಾಡದೆ ಒಳಗೆ ಹೋದಳು.

ಮುಂದಿನ ವಾರಗಳಲ್ಲಿ ದಿನಕ್ಕೆ ಮೂರನೇ ಒಂದು ಪಾಲು ನೀರು ಬದಲಿಸಿದೆ. ಮೂರನೇ ವಾರ ನೈಟ್ರೈಟ್ ಏರಿತು. ಅದು ರಕ್ತಕ್ಕೆ ಸೇರಿ ಆಮ್ಲಜನಕ ಹೊರುವ ಶಕ್ತಿಯನ್ನೇ ಕಿತ್ತುಕೊಳ್ಳುತ್ತದೆಯಂತೆ. ಗೆಳತಿ ಹೇಳಿದಂತೆ ಚೂರು ಉಪ್ಪು ಬೆರೆಸಿದೆ, ಉಪ್ಪಿನ ಕ್ಲೋರೈಡ್ ಕಿವಿರಿನ ಬಳಿ ನೈಟ್ರೈಟನ್ನು ತಡೆಯುತ್ತದೆ. ಐದನೇ ವಾರದ ಕೊನೆಗೆ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬಂದು ನೈಟ್ರೇಟ್ ಕಾಣಿಸಿಕೊಂಡಿತು. ಟೆಟ್ರಾಗಳ ನೀಲಿ ಮರಳಿದೆ.

ಈ ನಡುವೆ ಹನ್ನೊಂದನೇ ದಿನ, ನನ್ನ ದೂರಿನ ಕರೆಗೆ ಪರಿಹಾರವೆಂದು ನೀವು ಎಂಟು ಹೊಸ ಟೆಟ್ರಾಗಳನ್ನು ಕಳಿಸಿದಿರಿ. ಒಳ್ಳೆಯ ಮನಸ್ಸಿನಿಂದಲೇ ಕಳಿಸಿರಬಹುದು, ಆದರೆ ತೊಟ್ಟಿ ಈಗ ಹೇಗಿದೆ ಎಂದು ಒಂದು ಮಾತು ಕೇಳಲಿಲ್ಲ. ಅವನ್ನು ನಾನು ತೊಟ್ಟಿಗೆ ಬಿಡದೆ ಬೇರೆ ಟಬ್ಬಿನಲ್ಲಿ ಇಟ್ಟು, ದಿನಾ ಅರ್ಧ ನೀರು ಬದಲಿಸುತ್ತಿದ್ದೆ. ಮೂರನೇ ದಿನ ಅವುಗಳ ರೆಕ್ಕೆ, ಮೈಮೇಲೆ ಪುಡಿ ಉಪ್ಪು ಉದುರಿಸಿದಂತೆ ಬಿಳಿ ಚುಕ್ಕೆಗಳು ಕಂಡವು. ಆ ಪರಾವಲಂಬಿ ಮೀನಿನ ಚರ್ಮದೊಳಗೆ ಇರುವಾಗ ಔಷಧಿ ಅದನ್ನು ಮುಟ್ಟುವುದಿಲ್ಲ. ಕಳಚಿ ಬಿದ್ದು, ಒಡೆದು, ಮರಿಗಳು ನೀರಿನಲ್ಲಿ ಈಜುವಾಗಷ್ಟೇ ಸಾಯುತ್ತವೆ. ಹಾಗಾಗಿ ಕೊನೆಯ ಚುಕ್ಕೆ ಮಾಯವಾದ ಮೇಲೂ ಹಲವು ದಿನ ಚಿಕಿತ್ಸೆ ಮುಂದುವರಿಸಿದೆ. ಆರು ಬದುಕಿವೆ. ಅವನ್ನು ಬಂದ ದಿನವೇ ತೊಟ್ಟಿಗೆ ಬಿಟ್ಟಿದ್ದರೆ ನನ್ನ ಐದು ಮೀನುಗಳ ಗತಿ ಏನಾಗುತ್ತಿತ್ತೆಂದು ಯೋಚಿಸಲೂ ಭಯವಾಗುತ್ತದೆ.

ನನಗೆ ಇನ್ನೊಮ್ಮೆ ಪರಿಹಾರವಾಗಿ ಮೀನು ಕಳಿಸಬೇಡಿ. ಔಷಧಿಯ ಮತ್ತು ಸತ್ತ ಮೀನುಗಳ ಹಣವನ್ನು ಹಿಂದಿರುಗಿಸಿ. ಅದಕ್ಕಿಂತ ಮುಖ್ಯವಾಗಿ, ಕೈಪಿಡಿಯ ಎರಡನೇ ಪುಟವನ್ನು ತಿದ್ದಿ. 24 ಗಂಟೆಯ ಮಾತನ್ನು ತೆಗೆದು, ಮೀನಿಲ್ಲದೆಯೇ ತೊಟ್ಟಿಯನ್ನು ವಾರಗಟ್ಟಲೆ ಹೇಗೆ ಸಿದ್ಧಪಡಿಸಬೇಕು ಎಂದು ಬರೆಯಿರಿ. ಮೀನನ್ನು ಕಿಟ್‌ನ ಜೊತೆಗೇ ಕಳಿಸುವ ಪದ್ಧತಿಯನ್ನು ನಿಲ್ಲಿಸಿ. ಗ್ರಾಹಕರು ನೀರಿನ ಅಂಕಿಗಳನ್ನು ತಿಳಿಸಿದ ಮೇಲೆ ಕಳಿಸಿ, ಒಂದೇ ಸಲಕ್ಕೆ ಹನ್ನೆರಡು ಬೇಡ. ಕಿಟ್‌ನಲ್ಲಿ ಅಮೋನಿಯಾ ಪರೀಕ್ಷೆ ಇರಲೇಬೇಕು. ಉಳಿದ ಯಾವ ಚೌಕವನ್ನು ಬಿಟ್ಟರೂ ಅದನ್ನು ಬಿಡುವಂತಿಲ್ಲ.

ಬ್ಯಾಕ್ಟೀರಿಯಾ ಬಾಟಲಿಯ ಬಗ್ಗೆಯೂ ಒಂದು ಮಾತು. ಅದರ ಮೇಲೆ ತಯಾರಿಸಿದ ದಿನಾಂಕ ಇಲ್ಲ, ಎಷ್ಟು ಬಿಸಿಯಲ್ಲಿ ಇಡಬೇಕೆಂದು ಇಲ್ಲ. ಒಳಗಿರುವುದು ಜೀವಂತ ಸರಕು ಎಂದರೆ ಇವೆರಡೂ ಇರಬೇಕಲ್ಲವೇ? ಅದರಲ್ಲಿ ನೈಟ್ರೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಇದೆ ಎಂದು ಬರೆದಿದ್ದೀರಿ. ಸಿಹಿನೀರಿನ ಅಕ್ವೇರಿಯಂಗಳಲ್ಲಿ ನೈಟ್ರೈಟನ್ನು ನೈಟ್ರೇಟ್ ಮಾಡುವ ಕೆಲಸ ಅದರದಲ್ಲ, ನೈಟ್ರೋಸ್ಪೈರಾ ಎಂಬ ಬೇರೆ ಗುಂಪಿನದು ಎಂಬ ಸಂಶೋಧನೆ 1998ರಲ್ಲೇ ಪ್ರಕಟವಾಗಿದೆ.

ಕೊನೆಯದಾಗಿ ನಿಮ್ಮ ಸಹಾಯವಾಣಿ. ಮೀನಿಗೆ ಹುಷಾರಿಲ್ಲ ಎಂದು ಯಾರಾದರೂ ಫೋನ್ ಮಾಡಿದರೆ ಔಷಧಿಯ ಹೆಸರು ಹೇಳುವ ಮೊದಲು ನಿಮ್ಮವರು ಕೇಳಬೇಕಾದ ಪ್ರಶ್ನೆಗಳು ಹೆಚ್ಚಿಲ್ಲ. ತೊಟ್ಟಿ ಇಟ್ಟು ಎಷ್ಟು ದಿನವಾಯಿತು, ಎಷ್ಟು ಮೀನುಗಳಿವೆ, ಅಮೋನಿಯಾ ಮತ್ತು ಪಿಎಚ್ ಎಷ್ಟು, ಕೊನೆಯ ಸಲ ನೀರು ಬದಲಿಸಿದ್ದು ಯಾವಾಗ, ತೊಂದರೆ ಒಂದೇ ಮೀನಿಗೋ ಎಲ್ಲಕ್ಕೂ ಒಟ್ಟಿಗೇ ಬಂತೋ. ಎಲ್ಲ ಮೀನುಗಳೂ ಒಂದೇ ಬೆಳಿಗ್ಗೆ ಮೇಲೆ ಬಂದು ಬಾಯಿ ತೆರೆದರೆ ಮೊದಲು ಅನುಮಾನಿಸಬೇಕಾದದ್ದು ನೀರನ್ನು. ನನ್ನನ್ನು ಇವುಗಳಲ್ಲಿ ಒಂದನ್ನು ಕೇಳಿದ್ದರೂ ಆರನೇ ದಿನವೇ ನೀರು ಬದಲಿಸುತ್ತಿದ್ದೆ. ಆಗ ಹನ್ನೆರಡೂ ಮೀನುಗಳಿಗೆ ಜೀವವಿತ್ತು.

ಬಿಲ್ಲು, ಕೈಪಿಡಿಯ ಎರಡನೇ ಪುಟ, ಔಷಧಿ ಬಾಟಲಿಯ ನಾಲ್ಕೂ ಬದಿಯ ಚಿತ್ರಗಳು, ಎರಡೂ ಕರೆಗಳ ದಿನ ಮತ್ತು ಸಮಯ, ಒಂಬತ್ತನೇ ದಿನದಿಂದ ನಾನು ಬರೆದಿಟ್ಟ ನೀರಿನ ಅಂಕಿಗಳನ್ನು ಲಗತ್ತಿಸಿದ್ದೇನೆ. 15 ದಿನಗಳೊಳಗೆ ಬರವಣಿಗೆಯಲ್ಲಿ ಉತ್ತರ ಕೊಡಿ. ಬಾರದಿದ್ದರೆ ಗ್ರಾಹಕರ ದೂರುಗಳನ್ನು ವಿಚಾರಿಸುವ ಪ್ರಾಧಿಕಾರಕ್ಕೆ ಇದೇ ಕಾಗದಗಳನ್ನು ಸಲ್ಲಿಸುತ್ತೇನೆ. ಅಲ್ಲಿಯವರೆಗೆ ಕನಿಷ್ಠ ಆ ಔಷಧಿಯನ್ನು ಫೋನಿನಲ್ಲಿ ಹೇಳಿ ಮಾರುವುದನ್ನಾದರೂ ನಿಲ್ಲಿಸಿ ಎಂದು ಕೇಳಿಕೊಳ್ಳುತ್ತೇನೆ.

ಇಂತಿ,
ನಿಮ್ಮ ಗ್ರಾಹಕಿ