ಭಾನುವಾರ ವಿಎಆರ್ ತರಗತಿ: ಓದಿ ಉತ್ತರಿಸಿ

ಎಲ್ಲರಿಗೂ ನಮಸ್ಕಾರ.

ಈ ಭಾನುವಾರ ಬೆಳಿಗ್ಗೆ 10 ಗಂಟೆಗೆ ಮೈದಾನದ ಪಕ್ಕದ ಕೊಠಡಿಯಲ್ಲಿ ಫುಟ್‌ಬಾಲ್‌ನಲ್ಲಿ ವಿಡಿಯೊ ನೋಡಿ ಮೈದಾನದ ರೆಫರಿಗೆ ನೆರವಾಗುವ ವಿಡಿಯೊ ಸಹಾಯಕ ರೆಫರಿ, ಅಂದರೆ ವಿಎಆರ್ ಕುರಿತು ತರಗತಿ ಇದೆ. ರೆಫರಿ ಪರೀಕ್ಷೆಗೆ ಹೆಸರು ಕೊಟ್ಟವರೆಲ್ಲ ಬರಲೇಬೇಕು. ಆಟಗಾರರೂ ಬನ್ನಿ.

2018ರ ಫುಟ್‌ಬಾಲ್ ವಿಶ್ವಕಪ್ ಫೈನಲ್‌ನ ಒಂದು ಘಟನೆಯನ್ನು ನಿಧಾನವಾಗಿ ನೋಡೋಣ. ಕಾರ್ನರ್ ಕಿಕ್‌ನಿಂದ ಬಂದ ಚೆಂಡು ಕ್ರೊವೇಷಿಯಾದ ಪೆರಿಸಿಚ್ ಕೈಗೆ ತಗುಲಿತು. ರೆಫರಿ ಪಿಟಾನ ಮೊದಲು ಪೆನಾಲ್ಟಿ ಕೊಡಲಿಲ್ಲ. ವಿಡಿಯೊ ಕೊಠಡಿಯಲ್ಲಿದ್ದ ವಿಎಆರ್ ಸಲಹೆಯಂತೆ ಮೈದಾನದ ಅಂಚಿನ ಪರದೆಯ ಬಳಿ ಹೋಗಿ ನೋಡಿದರು, ಹೊರಟರು, ಮತ್ತೆ ತಿರುಗಿ ಬಂದು ಇನ್ನೊಮ್ಮೆ ನೋಡಿದರು. ಆಮೇಲೆ ಪೆನಾಲ್ಟಿ ಕೊಟ್ಟರು. ಗ್ರೀಜ್‌ಮನ್ ಹೊಡೆದ ಗೋಲಿನಿಂದ ಫ್ರಾನ್ಸ್ 2–1 ಮುನ್ನಡೆ ಪಡೆಯಿತು. ವಿಡಿಯೊ ನೋಡಿ ತೀರ್ಮಾನ ಬದಲಿಸುವಷ್ಟು ರೆಫರಿಯ ಮೊದಲ ತಪ್ಪು ಸ್ಪಷ್ಟವಾಗಿತ್ತೇ? ನನಗೆ ಇಂದಿಗೂ ಹಾಗೆ ಅನ್ನಿಸಿಲ್ಲ. ನಿಮ್ಮ ಅಭಿಪ್ರಾಯ ಬರೆದು ತನ್ನಿ.

ಆ ವಿಶ್ವಕಪ್‌ನ ನಿಯಮದಂತೆ ವಿಡಿಯೊ ನೆರವು ಸಿಗುತ್ತಿದ್ದುದು ಗೋಲು, ಪೆನಾಲ್ಟಿ, ನೇರ ಕೆಂಪು ಕಾರ್ಡ್ ಮತ್ತು ತಪ್ಪು ಆಟಗಾರನಿಗೆ ಕಾರ್ಡ್ ತೋರಿಸಿದ ಸಂದರ್ಭಗಳಲ್ಲಿ ಮಾತ್ರ. ಕೊನೆಯ ತೀರ್ಮಾನ ಮೈದಾನದ ರೆಫರಿಯದೇ. ಇಷ್ಟನ್ನು ಮನನ ಮಾಡಿಕೊಂಡು ಬನ್ನಿ.

ಆಟಗಾರರಲ್ಲಿ ಒಂದು ವಿನಂತಿ. ಕಳೆದ ಪಂದ್ಯದಲ್ಲಿ ನಮ್ಮ ಕಿರಿಯ ರೆಫರಿಯನ್ನು ಸುತ್ತುವರಿದು ಮೊಬೈಲ್ ವಿಡಿಯೊ ತೋರಿಸಿದ್ದು ಬಹಳ ನೋವು ತಂದಿತು. ನಮ್ಮ ಪಂದ್ಯಗಳಲ್ಲಿ ವಿಎಆರ್ ಇಲ್ಲ. ಇರುವ ಕಡೆಯೂ, ಗಾಳಿಯಲ್ಲಿ ಬೆರಳಿನಿಂದ ಪರದೆಯ ಚೌಕ ಬರೆದು ವಿಡಿಯೊ ನೋಡಿ ಎಂದು ರೆಫರಿಯನ್ನು ಅತಿಯಾಗಿ ಒತ್ತಾಯಿಸಿದರೆ ಹಳದಿ ಕಾರ್ಡ್ ಸಿಗುತ್ತದೆ.

ಬರುವವರು ಶುಕ್ರವಾರ ಸಂಜೆಯೊಳಗೆ ಇಲ್ಲಿ ಹೆಸರು ಬರೆಯಿರಿ. ಪ್ರೊಜೆಕ್ಟರ್ ಇರುವವರು ದಯವಿಟ್ಟು ಇಂದೇ ತಿಳಿಸಿ.