ಒಂದು ಪದಕ್ಕೆ ಒಂದೇ ಅರ್ಥವೇ?

ಮಾನ್ಯರೇ,

ಮಂಡ್ಯ ಸುತ್ತಲಿನ ಅನೇಕ ಶಾಲೆಗಳಲ್ಲಿ ಇಂದಿಗೂ ಪ್ರತಿ ಇಂಗ್ಲಿಷ್ ಪದಕ್ಕೆ ಒಂದೇ ಕನ್ನಡ ಅರ್ಥ ಬರೆಸಿ ಉರು ಹೊಡೆಸಲಾಗುತ್ತಿದೆ, ಇದು ನಿಲ್ಲಬೇಕು. ‘ರನ್’ ಎಂದರೆ ಓಡು ಎಂದಷ್ಟೇ ಕಲಿತ ಮಗು, ಇಂಗ್ಲಿಷಿನಲ್ಲಿ ಮೂಗು, ನಲ್ಲಿ, ಅಂಗಡಿ, ಕಾರ್ಖಾನೆ ಎಲ್ಲಕ್ಕೂ ಅದೇ ಪದ ಬಂದಾಗ ಕಂಗಾಲಾಗುತ್ತದೆ. ನಮ್ಮಲ್ಲಿ ಮೂಗು ಸೋರುತ್ತದೆ, ನಲ್ಲಿಯಲ್ಲಿ ನೀರು ಬರುತ್ತದೆ, ಅಂಗಡಿ ನಡೆಯುತ್ತದೆ. ಅಮೆರಿಕದವರು ಚುನಾವಣೆಗೂ ‘ಓಡುತ್ತಾರೆ’; ನಮ್ಮವರು ನಿಲ್ಲುತ್ತಾರೆ (ಓಡುವುದೇನಿದ್ದರೂ ಗೆದ್ದ ಮೇಲೆ, ರೆಸಾರ್ಟಿಗೆ). ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕರು ಈ ಒಂದು ಕ್ರಿಯಾಪದಕ್ಕೇ 645 ಅರ್ಥಗಳನ್ನು ಗುರುತಿಸಿದ್ದಾರೆ. ಅಷ್ಟನ್ನೂ ಪಟ್ಟಿ ಮಾಡಿ ಕಲಿಸಲಾಗದು, ಕಲಿಸಬೇಕಾಗಿಯೂ ಇಲ್ಲ.

ಏಕೆಂದರೆ ಇಂತಹ ಪದಗಳು ನಮ್ಮ ಮಕ್ಕಳಿಗೆ ಹೊಸವೇನಲ್ಲ. ಗದ್ದೆಗೆ ನೀರು ಕಟ್ಟುವುದು, ಕೊಟ್ಟಿಗೆಯಲ್ಲಿ ಹಸು ಕಟ್ಟುವುದು, ಶಾಲೆಗೆ ಶುಲ್ಕ ಕಟ್ಟುವುದು, ಶೀತಕ್ಕೆ ಮೂಗು ಕಟ್ಟುವುದು, ಇವುಗಳಲ್ಲಿ ಒಂದನ್ನೂ ಅವರು ನಿಘಂಟು ನೋಡಿ ಕಲಿತವರಲ್ಲ. ಅಕ್ಕಪಕ್ಕದ ಪದಗಳೇ ಅರ್ಥ ಹೇಳಿಕೊಟ್ಟಿವೆ. ಇಂಗ್ಲಿಷ್ ಪಾಠ ಶುರುವಾದೊಡನೆ ಈ ಜಾಣತನವನ್ನು ತರಗತಿಯ ಹೊರಗೆ ಬಿಟ್ಟುಬರಬೇಕೇಕೆ?

ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯು ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ನೆರವು ಪಡೆದು, ರನ್, ಸೆಟ್, ಗೆಟ್, ಟೇಕ್ ಮುಂತಾದ ಪದಗಳನ್ನು ಹೊಲ, ಸಂತೆ, ಬಸ್ ನಿಲ್ದಾಣಗಳ ಸನ್ನಿವೇಶದ ಚಿಕ್ಕ ವಾಕ್ಯಗಳಲ್ಲಿ ತೋರಿಸುವ ಕೈಪಿಡಿಯೊಂದನ್ನು ಶಿಕ್ಷಕರಿಗೆ ಒದಗಿಸಲಿ. ಕಿರುಪರೀಕ್ಷೆಗಳಲ್ಲೂ ‘ಅರ್ಥ ಬರೆಯಿರಿ’ ಎಂಬುದರ ಬದಲು ‘ಎರಡು ಬೇರೆ ಅರ್ಥ ಬರುವಂತೆ ವಾಕ್ಯ ರಚಿಸಿರಿ’ ಎಂದು ಕೇಳಲಿ.

– ಒಬ್ಬ ಪೋಷಕ, ಮಂಡ್ಯ